ಒಂದು ಹೆಸರಿಗೆ ಒಂದೇ ತಲೆ

ನಮ್ಮ ಊರಿನಲ್ಲಿ ಹೊಸ ಹೆಸರು ಎಂಬುದೇ ಇರಲಿಲ್ಲ. ಹುಟ್ಟಿದ ಕೂಸಿಗೆ ಸತ್ತವರ ಹೆಸರನ್ನೇ ಇಡಬೇಕು, ಅದೂ ಅದೇ ಮನೆಯಲ್ಲಿ ಸತ್ತವರದ್ದು. ಕಿವಿಗೆ ಇಂಪಾಗಿದೆ ಎಂದು ಎಲ್ಲಿಂದಲೋ ಒಂದು ಹೆಸರು ಹುಡುಕಿ ತಂದು ಮಗುವಿಗೆ ಅಂಟಿಸುವ ಜನ ಬೇರೆ ಊರುಗಳಲ್ಲಿ ಇದ್ದಾರಂತೆ. ಇರಲಿ, ಅವರ ಪಾಡು ಅವರಿಗೆ. ನಮ್ಮಲ್ಲಿ ಹೆಸರೆಂದರೆ ಯಾರೋ ಎದ್ದುಹೋದ ಜಾಗ. ಹೋಗಿ ಅಲ್ಲಿ ಕೂರಬೇಕು, ಅಷ್ಟೆ.

ಕೂಸು ಹುಟ್ಟಿದ ಎಂಟನೆಯ ದಿನ ಅದರ ಹೊಟ್ಟೆಗೆ ಒಂದು ಬಟ್ಟೆಯ ಪಟ್ಟಿ ಸುತ್ತುತ್ತಿದ್ದರು. ಪಟ್ಟಿಯ ಮೇಲೆ ನೀಲಿ ನೂಲಿನಲ್ಲಿ ಹೆಸರಿನ ಕಸೂತಿ ಇರುತ್ತಿತ್ತು. ಬದುಕಿರುವಷ್ಟು ದಿನ ಆ ಪಟ್ಟಿ ಅವರವರ ಮನೆಯ ಪೆಟ್ಟಿಗೆಯಲ್ಲಿ. ಸತ್ತ ದಿನ ಅದನ್ನು ಒಗೆದು, ಹಿಂಡಿ, ಪ್ರಾರ್ಥನೆಯ ಮನೆಯೊಳಗಿನ ಹಗ್ಗಕ್ಕೆ ಹಾಕುತ್ತಿದ್ದರು. ಆ ಮನೆಯಲ್ಲಿ ಮುಂದಿನ ಕೂಸು ಹುಟ್ಟುವವರೆಗೆ ಹೆಸರು ಅಲ್ಲೇ ತೂಗುತ್ತಿರಬೇಕು. ಹಗ್ಗವನ್ನು ಕಾಯಲು ಒಬ್ಬ ಮುದುಕನಿದ್ದ. ಅವನನ್ನು ಹೆಸರಜ್ಜ ಎನ್ನುತ್ತಿದ್ದೆವು. ಅವನ ಹೆಸರು ಏನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೆಸರಜ್ಜನ ಬಾಯಲ್ಲಿ ಒಂದೇ ಮಾತು. ಒಂದು ಹೆಸರಿಗೆ ಒಂದೇ ತಲೆ. ಬದುಕಿರುವವರ ಹೆಸರನ್ನು ಕೂಸಿಗೆ ಇಟ್ಟರೆ ಸಾವಿಗೆ ಗಲಿಬಿಲಿಯಾಗುತ್ತದೆ, ಅಜ್ಜಿಯನ್ನು ಕರೆಯಲು ಬಂದದ್ದು ಮೊಮ್ಮಗಳ ಕೈಹಿಡಿದು ಹೊರಡುತ್ತದೆ. ಅದಕ್ಕೇ ಪಟ್ಟಿಯನ್ನು ಹಗ್ಗಕ್ಕೆ ಹಾಕುವ ಮೊದಲು ಅಜ್ಜ ಸಾಕ್ಷಿ ಕೇಳುತ್ತಿದ್ದ. ಸತ್ತದ್ದನ್ನು ಕಣ್ಣಾರೆ ಕಂಡವರು ಬೇಕು. ಅದಿಲ್ಲದಿದ್ದರೆ, ಜೀವ ಇರುವವರೆಗೂ ಮೈಯಿಂದ ಬಿಚ್ಚದಂಥ ಒಂದು ವಸ್ತುವಾದರೂ ಬೇಕು.

ಆಮೇಲೆ ರೈಲು ಬಂತು. ಅದರಿಂದ ಇಳಿದ ಬೂದು ಅಂಗಿಯ ಸಿಪಾಯಿಗಳು ಚೌಕದಲ್ಲಿ ನಿಂತು ಒಂದೊಂದೇ ಹೆಸರು ಕೂಗಿದರು. ಹೆಸರು ಕೂಗಿದರೆ ಓಗೊಡುವುದು ನಮ್ಮ ಜನಕ್ಕೆ ರೂಢಿ. ಓಗೊಟ್ಟವರನ್ನೆಲ್ಲ ರೈಲಿಗೆ ಹತ್ತಿಸಿದರು. ನಾವು ಮಾಡಿದ ತಪ್ಪೇನು ಎಂದು ರೊಟ್ಟಿ ಸುಡುವವಳು ಕೇಳಿದಳಂತೆ. ನೀವು ಯೆಹೂದಿಗಳಲ್ಲವೇ ಎಂದರಂತೆ. ಅದು ಒಂದು ತಪ್ಪಿನ ಹೆಸರು ಎಂದು ನಮ್ಮವರಿಗೆ ಗೊತ್ತಾದದ್ದು ಅವತ್ತು. ಎರಡು ವರ್ಷದ ಮೇಲೆ, ಹಿಮ ಕರಗುವ ಹೊತ್ತಿಗೆ, ಹತ್ತೊಂಬತ್ತು ಜನ ನಡೆದುಕೊಂಡು ವಾಪಸು ಬಂದರು.

ಅವರ ಸಾಕ್ಷಿ ಕೇಳಿ ಅಜ್ಜ ಒಂದು ಹಗ್ಗದ ಜಾಗದಲ್ಲಿ ನಲವತ್ತು ಹಗ್ಗ ಕಟ್ಟಿದ. ಪ್ರಾರ್ಥನೆಗೆ ಬಂದವರು ತಲೆ ಬಗ್ಗಿಸಿ, ಪಟ್ಟಿಗಳನ್ನು ಕೈಯಿಂದ ಸರಿಸಿಕೊಂಡು ಒಳಗೆ ಹೋಗಬೇಕಾಯಿತು. ಹೆಸರುಗಳು ರಾಶಿ, ಕೂಸುಗಳು ಬೆರಳೆಣಿಕೆ. ಎಷ್ಟೋ ಮನೆಗಳಲ್ಲಿ ಕೂಸು ಹೆರಲು ಯಾರೂ ಉಳಿದಿರಲಿಲ್ಲ. ಆ ಮನೆಗಳ ಪಟ್ಟಿಗಳು ಇವತ್ತಿಗೂ ಅಲ್ಲೇ ಇವೆ.

ನನ್ನ ಅಪ್ಪ ಜೋಡು ಹೊಲಿಯುವವನು. ರೈಲು ಬಂದ ದಿನ ತೊಗಲು ತರಲು ಹೊಳೆಯಾಚೆಯ ಊರಿಗೆ ಹೋಗಿದ್ದ. ಬರುವಷ್ಟರಲ್ಲಿ ಮನೆಯಲ್ಲಿ ಹೆಂಡತಿಯೂ ಇಲ್ಲ, ಹನ್ನೊಂದು ವರ್ಷದ ಮಗಳೂ ಇಲ್ಲ. ಹೆಂಡತಿಯ ಹೆಸರು ಪೆರ್ಲಾ, ಮಗಳ ಹೆಸರು ಗಿಟ್ಲಾ. ಹತ್ತೊಂಬತ್ತು ಜನ ವಾಪಸು ಬಂದಾಗ ಅಪ್ಪ ಒಬ್ಬೊಬ್ಬರ ಮುಂದೆಯೂ ನಿಂತು ಈ ಎರಡು ಹೆಸರು ಹೇಳಿದ. ಹದಿನೆಂಟು ಜನ ಇಲ್ಲವೆಂದು ತಲೆಯಾಡಿಸಿದರು. ಹತ್ತೊಂಬತ್ತನೆಯವನು ಹಿಂದೆ ಹಾಲು ಮಾರುತ್ತಿದ್ದವನು. ಅವನು ಚೀಲದಿಂದ ಒಂಟಿ ಜೋಡು ತೆಗೆದು ಅಪ್ಪನ ಕೈಗೆ ಕೊಟ್ಟ.

"ಅಲ್ಲಿ ಜೋಡುಗಳ ಗುಡ್ಡೆ ಇತ್ತು. ಅದನ್ನ ಬೇರೆ ಮಾಡೋ ಕೆಲಸ ನಂಗೆ ಕೊಟ್ಟಿದ್ರು," ಎಂದ ಹಾಲಿನವನು. "ನಿನ್ನ ಹೊಲಿಗೆ ಅನ್ನಿಸ್ತು. ಎತ್ತಿಟ್ಕೊಂಡೆ."

ಅಪ್ಪನ ಹೊಲಿಗೆಯನ್ನು ಯಾರು ಬೇಕಾದರೂ ಗುರುತಿಸುತ್ತಿದ್ದರು. ಹಿಮ್ಮಡಿಯ ಹತ್ತಿರ ಏಳು ಹೊಲಿಗೆ, ಆಮೇಲೆ ಒಂದು ಗಂಟು, ಮತ್ತೆ ಏಳು. ಅದು ಗಿಟ್ಲಾಳ ಎಡಗಾಲಿನ ಜೋಡು. ಬೆರಳ ಕಡೆ ಸ್ವಲ್ಪ ಅಗಲ, ಏಕೆಂದರೆ ಅವಳ ಕಿರುಬೆರಳು ಹೊರಕ್ಕೆ ವಾಲಿತ್ತು. ಅಪ್ಪ ಅದನ್ನು ತಿರುಗಿಸಿ ನೋಡಿದ, ಅಟ್ಟೆಯನ್ನು ಮೂಸಿದ. "ಇದನ್ನು ಅವಳ ಕಾಲಿಂದ ತೆಗೆಯೋಕೆ ಮಲಗೋವಾಗ್ಲೂ ಬಿಡ್ತಿರಲಿಲ್ಲ," ಎಂದು ಹೆಸರಜ್ಜನಿಗೆ ಹೇಳಿದ. ಅಜ್ಜನಿಗೆ ಅಷ್ಟು ಸಾಕ್ಷಿ ಸಾಕಿತ್ತು. ಗಿಟ್ಲಾಳ ಪಟ್ಟಿಯನ್ನು ಒಗೆದು ಹಗ್ಗಕ್ಕೆ ಹಾಕಿದರು.

ಪೆರ್ಲಾಳ ಬಗ್ಗೆ ಮಾತ್ರ ಯಾವ ಸಾಕ್ಷಿಯೂ ಬರಲಿಲ್ಲ. ಅವಳ ಪಟ್ಟಿ ಪೆಟ್ಟಿಗೆಯಲ್ಲೇ ಉಳಿಯಿತು. ಸಾಕ್ಷಿ ಇಲ್ಲದವಳು ಬದುಕಿದ್ದಾಳೆ ಎಂದೇ ಊರಿನ ಲೆಕ್ಕ. ಅಪ್ಪ ಅವಳಿಗಾಗಿ ಕಾಯತೊಡಗಿದ. ಅವಳು ಬಂದರೆ ತಟ್ಟಬೇಕಾಗಬಾರದೆಂದು ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟ. ಪ್ರತಿ ವಾರದ ಏಳನೆಯ ದಿನ, ಪ್ರಾರ್ಥನೆಯ ದಿನದ ಊಟಕ್ಕೆ ಅವಳ ತಟ್ಟೆಯನ್ನೂ ಮೇಜಿನ ಮೇಲೆ ಇಡುತ್ತಿದ್ದ.

ಇಂಥ ಮನೆಗೆ ನನ್ನ ಅಮ್ಮ ಹೆಂಡತಿಯಾಗಿ ಬಂದಳು. ಅಮ್ಮನ ಊರು ಬೇರೆ. ಅಲ್ಲಿ ಪಟ್ಟಿಗಳೂ ಸುಟ್ಟುಹೋಗಿದ್ದವು, ಹಗ್ಗ ಕಟ್ಟುವವರೂ ಉಳಿದಿರಲಿಲ್ಲ. ಮದುವೆಗೆ ಮುಂಚೆ ಹೆಸರಜ್ಜನ ಎದುರು ಅವಳು ಮಾತು ಕೊಡಬೇಕಾಯಿತು. ಮೊದಲನೆಯವಳು ಬಂದ ದಿನ ತಾನು ತಂದದ್ದನ್ನು ಎತ್ತಿಕೊಂಡು ಹೊರಡುತ್ತೇನೆ ಎಂದು. ಅವಳು ತಂದದ್ದು ಒಂದು ಕಂಬಳಿ, ಎರಡು ಚಮಚ, ಒಂದು ಉಪ್ಪಿನ ಡಬ್ಬಿ. ಅಷ್ಟನ್ನೂ ಗಂಟು ಕಟ್ಟಿ ಅಡುಗೆಮನೆಯ ಬಾಗಿಲ ಹಿಂದೆ ಇಟ್ಟಿದ್ದಳು. ಉಪ್ಪು ಬೇಕಾದಾಗ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಯಾರೂ ಊಟ ಮಾಡದ ಆ ತಟ್ಟೆಯನ್ನು ಪ್ರತಿ ವಾರ ತೊಳೆದು ಒರೆಸುವವಳೂ ಅವಳೇ. ಅದನ್ನು ನೆನೆಸಿಕೊಂಡರೆ ನನಗೆ ಅಪ್ಪನ ಮೇಲೆ ಈಗಲೂ ಸಿಟ್ಟು ಬರುತ್ತದೆ.

ನಾನು ಹುಟ್ಟಿದೆ. ಎಂಟನೆಯ ದಿನ ಗಿಟ್ಲಾಳ ಪಟ್ಟಿಯನ್ನು ಹಗ್ಗದಿಂದ ಇಳಿಸಿ ನನ್ನ ಹೊಟ್ಟೆಗೆ ಸುತ್ತಿದರು.

ಹೆಸರು ಇಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಹೆಸರಿನ ಜೊತೆ ಹೆಸರಿನವಳೂ ಬರುತ್ತಾಳೆ. ಗಿಟ್ಲಾಳಿಗೆ ಗಸಗಸೆ ತುಂಬಿದ ರೊಟ್ಟಿ ಇಷ್ಟ, ಆದ್ದರಿಂದ ನನಗೂ ಇಷ್ಟ. ಗಿಟ್ಲಾ ಎಡಕ್ಕೆ ಬೈತಲೆ ತೆಗೆಯುತ್ತಿದ್ದಳು, ನನ್ನ ಕೂದಲು ಬಲಕ್ಕೆ ಬೀಳುವಂಥದ್ದು, ಆದರೂ ನೀರು ಹಚ್ಚಿ ಎಡಕ್ಕೆ. ಗಿಟ್ಲಾಳಿಗೆ ಬಾತುಕೋಳಿಗಳನ್ನು ಕಂಡರೆ ಭಯ. ನನಗೆ ಬಾತುಕೋಳಿಗಳೆಂದರೆ ಪ್ರಾಣ. ಅವು ಅತ್ತಿತ್ತ ವಾಲುತ್ತ ನಡೆಯುವುದನ್ನು ನೋಡಿ ನಗು ತಡೆಯಲಾಗುತ್ತಿರಲಿಲ್ಲ. ಆದರೆ ಕೆರೆಯ ಹತ್ತಿರ ಅಪ್ಪ ಜೊತೆಗಿದ್ದಾಗ ಹೆದರಿ ಅವನ ಅಂಗಿ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಂಡರೆ ಅಪ್ಪ ನನ್ನ ತಲೆ ಸವರುತ್ತಿದ್ದ. ಆ ಒಂದು ಸವರುವಿಕೆಗಾಗಿ ನಾನು ಎಷ್ಟೋ ಸಲ ಸುಮ್ಮಸುಮ್ಮನೆ ಹೆದರಿದ್ದೇನೆ.

ಹನ್ನೊಂದು ವರ್ಷ ಹೀಗೆ ನಡೆಯಿತು. ಹನ್ನೆರಡಕ್ಕೆ ಕಾಲಿಟ್ಟ ದಿನ ಅಪ್ಪ ನನ್ನ ಪಾದದ ಅಳತೆ ತೆಗೆಯಲು ಕೂತವನು ಹಾಗೇ ಕೂತುಬಿಟ್ಟ. ಗಿಟ್ಲಾಳ ಪಾದ ಹನ್ನೆರಡಕ್ಕೆ ಎಷ್ಟಿರುತ್ತಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ. ಹನ್ನೆರಡರ ಗಿಟ್ಲಾ ಏನು ತಿನ್ನುತ್ತಾಳೆ, ಯಾವುದಕ್ಕೆ ನಗುತ್ತಾಳೆ, ಯಾರಿಗೂ ಗೊತ್ತಿರಲಿಲ್ಲ. ನಾನು ಏನು ಮಾಡಬೇಕೆಂದು ಹೇಳುವವರೇ ಇಲ್ಲದೆ ಆ ಬೇಸಿಗೆ ಕಳೆಯಿತು. ಅಂಥ ಒಂದು ಮಧ್ಯಾಹ್ನ ಅವಳು ಬಂದಳು.

ಅಮ್ಮ ಒಳಗೆ ಸಾರು ಕುದಿಸುತ್ತಿದ್ದಳು. ಅಪ್ಪ ಜಗಲಿಯಲ್ಲಿ ಮೊಣಕಾಲುಗಳ ನಡುವೆ ಜೋಡು ಸಿಕ್ಕಿಸಿಕೊಂಡು ಮೊಳೆ ಹೊಡೆಯುತ್ತಿದ್ದ. ಒಬ್ಬ ಹೆಂಗಸು ಬಂದು ಮೆಟ್ಟಿಲ ಕೆಳಗೆ ನಿಂತಳು. ಮೂವತ್ತು ದಾಟಿದವಳಂತೆ ಕಾಣುತ್ತಿದ್ದಳು, ಅಲ್ಲಲ್ಲಿ ನರೆ. ಅಪ್ಪ ತಲೆ ಎತ್ತಿ ನೋಡಿದ. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ಆಮೇಲೆ ಮೆಲ್ಲಗೆ, "ಪೆರ್ಲಾ," ಎಂದ.

ಒಳಗಿನಿಂದ ಅಮ್ಮನಿಗೆ ಅದು ಕೇಳಿಸಿತು. ಅವಳು ಕೈ ತೊಳೆದುಕೊಂಡಳು. ಬಾಗಿಲ ಹಿಂದಿನ ಗಂಟು ಎತ್ತಿಕೊಂಡು ಹೊರಗೆ ಬಂದಳು.

"ಒಳಗೆ ಬನ್ನಿ ಅಕ್ಕ," ಎಂದಳು ಆ ಹೆಂಗಸಿಗೆ. "ಒಲೆ ಮೇಲೆ ಸಾರಿದೆ, ಇನ್ನೂ ಉಪ್ಪು ಹಾಕಿಲ್ಲ. ನಿಮ್ಮ ತಟ್ಟೆ ಮೇಲಿನ ಸಾಲಲ್ಲಿದೆ. ಈ ಹುಡುಗಿ ನನ್ನದು, ನನ್ನ ಜೊತೆ ಬರ್ತಾಳೆ."

ಹೆಂಗಸು ಅಮ್ಮನನ್ನೂ ಗಂಟನ್ನೂ ನೋಡಿದಳು. ಏನೂ ಅರ್ಥವಾಗಲಿಲ್ಲ ಎನಿಸುತ್ತದೆ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಾನು ಗಿಟ್ಲಾ," ಎಂದಳು.

"ಗಿಟ್ಲಾ ನಾನು," ಎಂದೆ ನಾನು. ನನ್ನ ಬಾಯಿಂದ ಆ ಮಾತು ತಾನಾಗಿ ಬಂತು.

ಸತ್ತ ಮಗಳು ಎದುರಿಗೆ ನಿಂತರೆ ಯಾರಾದರೂ ಓಡಿಹೋಗಿ ತಬ್ಬಿಕೊಳ್ಳುತ್ತಾರೆ. ಅಪ್ಪ ಮೊದಲು ಅವಳ ಭುಜದ ಮೇಲಿಂದ ಬೀದಿಯ ಕಡೆ ನೋಡಿದ. "ನಿನ್ನಮ್ಮ ಎಲ್ಲಿ?" ಎಂದ. ಅವಳು ಕುಡಿಯಲು ನೀರು ಕೇಳಿದಳು. ಅಮ್ಮ ಗಂಟನ್ನು ಕೆಳಗಿಟ್ಟು ನೀರು ತಂದಳು. ಅವಳು ನೀರು ಕುಡಿಯುವಾಗ ಅಪ್ಪ ಮೆಟ್ಟಿಲಿಳಿದು ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದ. ಕಿರುಬೆರಳು ಹೊರಕ್ಕೆ ವಾಲಿತ್ತು. ಆಗ ಅತ್ತ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೆ ಹೊಟ್ಟೆಕಿಚ್ಚಾಯಿತು.

ಇಷ್ಟು ವರ್ಷ ಎಲ್ಲಿದ್ದೆ ಎಂದು ಅಮ್ಮ ಕೇಳಿದಳು.

"ನಮ್ಮ ಊರಿಗೆ ದಾರಿ ಕೇಳಿದ್ರೆ, ಅಂಥ ಊರು ಈಗ ಇಲ್ಲ ಅಂದ್ರು. ನಂಬಿದೆ," ಎಂದಳು. "ಹೋದ ವರ್ಷ ಒಂದು ಸಂತೇಲಿ ಜೋಡು ಮಾರೋರ ಹತ್ರ ಅಪ್ಪನ ಹೊಲಿಗೆ ಕಂಡೆ. ಅದನ್ನೇ ಕೇಳ್ಕೊಂಡು ಕೇಳ್ಕೊಂಡು ಬಂದೆ."

ಸಂಜೆಗೆ ಊರೆಲ್ಲ ನಮ್ಮ ಮನೆ ಮುಂದೆ. ಊರೆಲ್ಲ ಎಂದರೆ ಎಷ್ಟು ಜನ, ಒಂದು ಜಗಲಿಯಲ್ಲಿ ಹಿಡಿಸುವಷ್ಟು. ಯಾರಿಗೂ ಅವಳನ್ನು ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ಹಾಲಿನವನು ತಲೆ ತಗ್ಗಿಸಿ ಕೂತಿದ್ದ. ಅವಳ ಹೆಸರು ನನ್ನ ತಲೆಯ ಮೇಲಿತ್ತು, ಪ್ರತಿ ವರ್ಷ ಅವಳಿಗಾಗಿ ದೀಪ ಹಚ್ಚಿದ್ದೆವು. ಹೆಸರಜ್ಜ ಕೋಲೂರಿಕೊಂಡು ಬಂದ.

"ಒಂದು ಹೆಸರಿಗೆ ಒಂದೇ ತಲೆ," ಎಂದ. "ಚಿಕ್ಕವಳ ಹೆಸರು ಕಿತ್ತುಕೊಂಡರೆ ಅವಳಿಗೆ ಬೇರೆ ಹೆಸರಿಲ್ಲ. ಹೆಸರಿಲ್ಲದವರನ್ನ ಪ್ರಾರ್ಥನೆಗೆ ಸೇರಿಸಲ್ಲ, ಸತ್ತರೆ ಹೂಳಲ್ಲ. ದೊಡ್ಡವಳಿಗೂ ಅದೇ ಮಾತು. ಏಳು ದಿನ ಅತಿಥಿ ಅಂತ ಇರಬಹುದು. ಅಷ್ಟರಲ್ಲಿ ಈ ಮನೇದೇ ಒಂದು ಹೆಸರು ಸಿಗಬೇಕು."

"ಹಗ್ಗದ ಮೇಲೆ ಸಾವಿರ ಇದಾವಲ್ಲ ಅಜ್ಜ, ಯಾವುದೋ ಒಂದು ಕೊಡಿ," ಎಂದಳು ಅಮ್ಮ.

"ಬೇರೆ ಮನೆ ಹೆಸರು ಮುಟ್ಟೋ ಹಾಗಿಲ್ಲಮ್ಮ. ಆ ಮನೆಗಳಿಗೆ ಉಳಿದಿರೋದು ಅದೊಂದೇ."

ಯಾರೋ ಅವಳ ತೋಳಿನ ಕಡೆ ಕೈ ತೋರಿಸಿದರು. ಅಲ್ಲಿ ಬೂದು ಅಂಗಿಯವರು ಚುಚ್ಚಿ ಬರೆದ ಐದು ಅಂಕಿಗಳಿದ್ದವು. ಸದ್ಯಕ್ಕೆ ಅದರಿಂದಲೇ ಕರೆದರಾಯಿತಲ್ಲ ಎಂದು ಆ ಮನುಷ್ಯ ಗೊಣಗಿದ. ಹೆಸರಜ್ಜ ಕೋಲೆತ್ತಿ ಅವನನ್ನು ಜಗಲಿಯಿಂದ ಇಳಿಸಿದ.

ನಮ್ಮ ಮನೆಯಲ್ಲಿ ಯಾರ ತಲೆಯ ಮೇಲೂ ಇರದ ಹೆಣ್ಣಿನ ಹೆಸರು ಒಂದೇ ಇತ್ತು. ಪೆರ್ಲಾ. ಅದು ಸಿಗಬೇಕಾದರೆ ಪೆರ್ಲಾ ಸತ್ತದ್ದಕ್ಕೆ ಸಾಕ್ಷಿ ಬೇಕು. ಎಲ್ಲರೂ ಬಂದವಳನ್ನು ನೋಡಿದರು. ಅವಳು ನೆಲ ನೋಡುತ್ತ, "ನಂಗೇನೂ ಗೊತ್ತಿಲ್ಲ. ರೈಲಿಳಿದ ಮೇಲೆ ಅಮ್ಮ ಆ ಕಡೆ, ನಾನು ಈ ಕಡೆ," ಎಂದಳು. ಅಪ್ಪನ ಮುಖ ಅರಳಿತು. ಇವಳೇ ಬಂದ ಮೇಲೆ ಅವಳೂ ಬರಬಹುದಲ್ಲ ಎಂದು ಎಲ್ಲರ ಎದುರೂ ಹೇಳಿದ. ಆ ರಾತ್ರಿಯ ಊಟಕ್ಕೆ, ವಾರದ ನಡುವೆಯೇ, ಪೆರ್ಲಾಳ ತಟ್ಟೆ ಇಡಿಸಿದ.

ನಾನು ಅವಳನ್ನು ಅಕ್ಕ ಎಂದೆ. ಅಮ್ಮನೂ ಮೊದಲ ದಿನ ಬಾಯಿಗೆ ಬಂದದ್ದನ್ನೇ ಮುಂದುವರಿಸಿ ಅಕ್ಕ ಎಂದಳು. ಅಪ್ಪ "ಮಗಳೇ" ಎನ್ನುತ್ತಿದ್ದ. ಹಾಗೆ ಅಂದಾಗಲೆಲ್ಲ ನಾವಿಬ್ಬರೂ ತಿರುಗಿ ನೋಡುತ್ತಿದ್ದೆವು.

ಮೂರನೆಯ ದಿನ ನಾನು ಅಕ್ಕನನ್ನು ಕೆರೆಗೆ ಕರೆದುಕೊಂಡು ಹೋದೆ. ಬಾತುಕೋಳಿಗಳು ದಡದ ಮೇಲಿದ್ದವು. ಅವಳು ಅವುಗಳ ನಡುವೆಯೇ ನಡೆದುಹೋಗಿ ಒಂದು ಕಲ್ಲಿನ ಮೇಲೆ ಕೂತಳು.

"ಅಕ್ಕ, ನಿಂಗೆ ಇವನ್ನ ಕಂಡ್ರೆ ಭಯ," ಎಂದೆ.

"ಹೌದಾ?"

"ಹೂಂ. ನಿಂಗೆ ಮೂರು ವರ್ಷ ಆಗಿದ್ದಾಗ ಒಂದು ನಿನ್ನ ರೊಟ್ಟಿ ಕಸ್ಕೊಂಡಿತ್ತು."

ಅವಳು ಬಾತುಕೋಳಿಗಳನ್ನು ನೋಡಿದಳು. "ರೈಲಿಗೆ ಮುಂಚಿನದು ನಂಗೆ ನೆನಪಿಲ್ಲ ಮರೀ," ಎಂದಳು. "ಅಲ್ಲಿನದು ಎಷ್ಟು ತುಂಬಿದೆ ಅಂದ್ರೆ ಹಳೇದಕ್ಕೆ ಜಾಗ ಇಲ್ಲ. ಅಪ್ಪನ ಹೊಲಿಗೆ ಒಂದು ನೆನಪಿತ್ತು. ಇನ್ನೇನಿತ್ತು, ಹೇಳು."

ನಾನು ಹೇಳಿದೆ. ಹನ್ನೊಂದು ವರ್ಷ ನನಗೆ ಕಲಿಸಿದ್ದನ್ನೆಲ್ಲ ಹೇಳಿದೆ. ಎಡಕ್ಕೆ ಬೈತಲೆ, ಗಸಗಸೆ ರೊಟ್ಟಿ, ಸುಳ್ಳು ಹೇಳುವಾಗ ಮೂಗು ಕೆರೆದುಕೊಳ್ಳುವುದು, ಅಮ್ಮನ ತೋಳಿನ ಮೇಲೆ ತಲೆಯಿಡದೆ ನಿದ್ದೆ ಬಾರದಿರುವುದು. ಅವಳು ತನ್ನ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ನನ್ನ ಬಾಯಿಂದ ಅವಳ ಬಾಲ್ಯವೆಲ್ಲ ಮುಗಿದ ಮೇಲೆ, "ಚೆನ್ನಾಗಿ ಕಾಪಾಡಿದೀಯ," ಎಂದಳು. ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಏಳುವಾಗ ಅವಳು ಕೇಳಿದಳು. "ಅಪ್ಪ ದಿನಾನೂ ಕಾಯ್ತಾರಾ?"

"ದಿನಾನೂ. ಯಾವತ್ತೂ ಚಿಲಕ ಹಾಕಲ್ಲ."

"ಕಾಯೋದು ನಿಂತ್ರೆ ಏನಾಗ್ತಾರೆ?"

ನನಗೆ ಗೊತ್ತಿರಲಿಲ್ಲ. ಕಾಯದ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಅವಳು ಮೂಗು ಕೆರೆದುಕೊಂಡು, "ಸರಿ, ಅಮ್ಮನ ವಿಷಯ ನಂಗೆ ನಿಜವಾಗ್ಲೂ ಏನೂ ಗೊತ್ತಿಲ್ಲ," ಎಂದಳು. ಆಗ ನನಗೆ ಎಲ್ಲ ಗೊತ್ತಾಯಿತು. ಅವಳು ಪೆರ್ಲಾಳ ಸಾವನ್ನು ಕಂಡಿದ್ದಾಳೆ. ಅಪ್ಪನ ಕಾಯುವಿಕೆಯನ್ನು ಮುರಿಯಬಾರದೆಂದು ಹೆಸರಿಲ್ಲದೆ ಹೊರಟುಹೋಗಲು ತೀರ್ಮಾನಿಸಿದ್ದಾಳೆ. ಅಂದರೆ ಹೊರಗೆ ಎಲ್ಲಾದರೂ ಸಾಯುತ್ತಾಳೆ, ಅವಳನ್ನು ಹೂಳುವವರೂ ಇರುವುದಿಲ್ಲ, ದೀಪ ಹಚ್ಚುವವರೂ ಇರುವುದಿಲ್ಲ.

ಏಳನೆಯ ದಿನ ಬೆಳಗ್ಗೆ ಅಕ್ಕ ಕಾಲಿಗೆ ಬಟ್ಟೆ ಸುತ್ತಿಕೊಂಡು ಹೊರಟು ನಿಂತಳು. ಅಪ್ಪ ಅವಳಿಗೆ ಹೊಸ ಜೋಡು ಹೊಲಿದಿದ್ದ. ಅವಳು ಹಾಕಿಕೊಳ್ಳಲಿಲ್ಲ. ಹೆಸರಜ್ಜ ಮೆಟ್ಟಿಲ ಮೇಲೆ ಕೂತಿದ್ದ. "ಒಂದು ದಿನ ಇರೇ, ಅಜ್ಜನ್ನ ಕೇಳಿಕೊಳ್ಳೋಣ," ಎಂದು ಅಪ್ಪ ಅಂಗಲಾಚುತ್ತಿದ್ದ. ನಾನು ಒಳಗೆ ಹೋಗಿ ಪೆಟ್ಟಿಗೆ ತೆಗೆದು ನನ್ನ ಪಟ್ಟಿಯನ್ನು ತಂದೆ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಅವಳ ಸೊಂಟಕ್ಕೆ ಸುತ್ತಿದೆ.

"ಇದು ಅವಳದ್ದು ಅಜ್ಜ. ನಾನು ಹೋಗ್ತೀನಿ," ಎಂದೆ.

ಅಮ್ಮ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಅಜ್ಜ, "ಬೇಡ ಕೂಸೇ, ಬಿಚ್ಚು, ಇದು ಆಟ ಅಲ್ಲ," ಎಂದ. ನಾನು ಬಿಚ್ಚಲಿಲ್ಲ. ನನಗೂ ಭಯವಾಗಿತ್ತು, ಆದರೆ ಈ ಸಲದ ಭಯ ನನ್ನದೇ ಆಗಿತ್ತು. ಅಕ್ಕ ನನ್ನನ್ನು ನೋಡಿದಳು. ಪಟ್ಟಿಯನ್ನು ತಾನೇ ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಹೇಳಿದಳು.

"ರೈಲಿಳಿದ ಮೇಲೆ ಎರಡು ಸಾಲು ಮಾಡಿದ್ರು ಅಪ್ಪ. ಮಕ್ಕಳೆಲ್ಲ ಒಂದು ಸಾಲು, ಕೆಲಸ ಮಾಡೋ ಹಾಗಿರೋರು ಒಂದು ಸಾಲು. ಅಮ್ಮ ಅದನ್ನ ದೂರದಿಂದ್ಲೇ ನೋಡಿಬಿಟ್ಲು. ಕೂತ್ಕೊಂಡು ನನ್ನ ಜೋಡು ಬಿಚ್ಚಿದ್ಲು. ತನ್ನ ಎತ್ತರದ ಹಿಮ್ಮಡಿ ಜೋಡಿಗೆ ಬಟ್ಟೆಚೂರು ತುಂಬಿ ನನ್ನ ಕಾಲಿಗೆ ಹಾಕಿದ್ಲು. ನೆಟ್ಟಗೆ ನಿಲ್ಲು, ಕೇಳಿದ್ರೆ ಹದಿನಾರು ಅನ್ನು ಅಂದ್ಲು. ನಾನು ಹದಿನಾರು ಅಂದೆ. ನನ್ನ ಕೆಲಸದ ಸಾಲಿಗೆ ತಳ್ಳಿದ್ರು."

"ಅವಳು?"

"ಬರಿಗಾಲಲ್ಲಿ ಕುಂಟ್ತಾ ನಡೆದ್ಲು. ಇವಳಿಗೆ ಕಾಲು ಸರಿ ಇಲ್ಲ ಅಂತ ಮಕ್ಕಳ ಸಾಲಿಗೆ ಹಾಕಿದ್ರು. ಆ ಸಾಲು ಒಂದು ಕಟ್ಟಡದ ಒಳಗೆ ಹೋಗಿದ್ದನ್ನ ನಾನು ನೋಡಿದೆ. ಬಾಗಿಲು ಹಾಕಿದ್ರು. ಆಮೇಲೆ ಒಬ್ರೂ ಹೊರಗೆ ಬರಲಿಲ್ಲ. ಹೊಗೆ ಬಂತು. ನಾನು ಅಲ್ಲೇ ಇದ್ದೆ ಅಪ್ಪ."

ಅಪ್ಪ ಎದ್ದು ಒಳಗೆ ಹೋಗಿ, ಹಾಲಿನವನು ಕೊಟ್ಟಿದ್ದ ಜೋಡನ್ನು ತಂದ. ಹದಿನೈದು ವರ್ಷ ಅದು ಮಗಳ ಸಾವಿನ ಸಾಕ್ಷಿಯಾಗಿ ಗೂಡಿನಲ್ಲಿತ್ತು. ಅದನ್ನು ಎಷ್ಟೋ ಸಲ ಎಣ್ಣೆ ಹಾಕಿ ಒರೆಸಿದ್ದ. ತನ್ನ ಹೊಲಿಗೆಯನ್ನು ನೋಡಿ ಮಗಳು ಸತ್ತಳೆಂದು ಒಪ್ಪಿಕೊಂಡವನು, ಅದು ಅಲ್ಲಿಗೆ ಯಾರ ಜೊತೆ ಹೋಯಿತು ಎಂದು ಒಂದು ದಿನವೂ ಕೇಳಿರಲಿಲ್ಲ.

"ಇದು ಅವಳ ಕಾಲಿಗೆ ಹಿಡಿಸಲ್ಲವಲ್ಲ," ಎಂದ. "ಕಾಲು ಕಚ್ಚಿರುತ್ತೆ."

"ಹಾಕ್ಕೊಳ್ಳಲಿಲ್ಲ ಅಪ್ಪ. ಎದೆಗೆ ಒತ್ತಿ ಹಿಡ್ಕೊಂಡಿದ್ಲು. ಎರಡನ್ನೂ."

ಹಾಲಿನವನು ಬೀದಿಯಲ್ಲಿ ನಿಂತು ಕೇಳುತ್ತಿದ್ದ. ಅವನು ತನ್ನ ಮನೆಗೆ ಹೋದ. ಹೆಸರಜ್ಜ ಎದ್ದು, ಸಾಕ್ಷಿ ಸಿಕ್ಕಿತು ಎಂದ.

ಪೆರ್ಲಾಳ ಪಟ್ಟಿಯನ್ನು ಅಮ್ಮನೇ ಒಗೆದಳು. ಬಿಸಿನೀರಲ್ಲಿ ಒಮ್ಮೆ, ತಣ್ಣೀರಲ್ಲಿ ಎರಡು ಸಲ. ಒಣಗುವವರೆಗೆ ಕಾಯದೆ, ಒದ್ದೆಯಾಗಿಯೇ ಅದನ್ನು ಎತ್ತಿಕೊಂಡು ನಾವೆಲ್ಲ ಪ್ರಾರ್ಥನೆಯ ಮನೆಗೆ ಹೋದೆವು. ಹಗ್ಗಗಳ ನಡುವೆ ತಲೆ ಬಗ್ಗಿಸಿಕೊಂಡು ನಡೆದೆವು. ಅಜ್ಜ ಪಟ್ಟಿಯನ್ನು ಹಗ್ಗಕ್ಕೆ ಹಾಕಿದ, ಸ್ವಲ್ಪ ಹೊತ್ತು ಬಿಟ್ಟು ಇಳಿಸಿದ. ಅದನ್ನು ಅಕ್ಕನ ಸೊಂಟಕ್ಕೆ ಸುತ್ತಿದ. ಅವಳ ಅಂಗಿಗೆಲ್ಲ ನೀರು ಇಳಿಯಿತು.

ಹೆಸರಿಡುವಾಗ ಮನೆಯವರೊಬ್ಬರು ಬಾಗಿಲ ಕಡೆ ಮುಖ ಮಾಡಿ ಹೆಸರನ್ನು ಮೂರು ಸಲ ಕರೆಯಬೇಕು. ಮೊದಲ ಎರಡು ಕರೆಗೆ ಯಾರೂ ಓಗೊಡುವ ಹಾಗಿಲ್ಲ. ಅವು ಹಳೆಯವರಿಗೆ, ಎಲ್ಲಾದರೂ ಜೀವ ಹಿಡಿದುಕೊಂಡಿದ್ದರೆ ಕೇಳಿಸಲಿ ಎಂದು. ಮೂರನೆಯದು ಹೊಸಬರಿಗೆ. ನನಗೆ ಹೆಸರಿಟ್ಟಾಗಲೂ ಹೀಗೇ ಕರೆದಿದ್ದರು. ಆಗ ಅಕ್ಕ ಬದುಕಿದ್ದಳು. ಅವಳಿಗೆ ಕೇಳಿಸಿರಲಿಲ್ಲ.

ಅಪ್ಪ ಬಾಗಿಲ ಕಡೆ ತಿರುಗಿದ.

"ಪೆರ್ಲಾ," ಎಂದು ಕರೆದ. ಬೀದಿಯಲ್ಲಿ ಯಾರೂ ಇರಲಿಲ್ಲ.

"ಪೆರ್ಲಾ." ಎರಡನೆಯ ಸಲ ಅವನು ಜೋರಾಗಿ ಕರೆದ, ಹೊಳೆಯಾಚೆಗೆ ಕೇಳಿಸುವ ಹಾಗೆ. ಕರೆದು ಕಾದ. ನಾವೂ ಕಾದೆವು. ಬಾಗಿಲ ಹೊರಗಿನ ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯಿತು. ಮೂರನೆಯ ಸಲ ಕರೆಯಲು ಅಪ್ಪ ಬಾಯಿ ತೆರೆದ, ಧ್ವನಿ ಬರಲಿಲ್ಲ. ಮತ್ತೆ ತೆರೆದ. ಅಕ್ಕ ಸೊಂಟದ ಒದ್ದೆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಅವನ ಬೆನ್ನನ್ನೇ ನೋಡುತ್ತಿದ್ದಳು. ಕರೆ ಬರದಿದ್ದರೆ ಅವಳು ಇವತ್ತೇ ಊರು ಬಿಡಬೇಕು. ಅಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವನ ಕೈಲಾಗಲಿಲ್ಲ.

"ನಾನು ಈ ಮನೆಯವಳು ಹೌದೋ ಅಲ್ಲವೋ ಅಜ್ಜ?" ಎಂದು ಅಮ್ಮ ಕೇಳಿದಳು.

ಹೆಸರಜ್ಜ ಹೌದೆಂದು ತಲೆಯಾಡಿಸಿದ.

ಅಮ್ಮ ಮುಂದೆ ಹೋಗಿ ಅಪ್ಪನ ಪಕ್ಕದಲ್ಲಿ ನಿಂತಳು. ಅಷ್ಟು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಂಗಳದಲ್ಲಿ ಆಡುತ್ತಿರುವ ಮಗಳನ್ನು ಊಟಕ್ಕೆ ಕರೆಯುವ ಹಾಗೆ ಅವಳು, "ಪೆರ್ಲಾ, ಬಾರಮ್ಮ," ಎಂದು ಕರೆದಳು.

"ಬಂದೆ," ಎಂದಳು ಅಕ್ಕ.

ಮನೆಯಲ್ಲಿ ಸಾವಾದಾಗ ನಮ್ಮವರು ಮಾಡುವ ಹಾಗೆ ಅಪ್ಪ ಎರಡೂ ಕೈಯಿಂದ ಅಂಗಿಯ ಎದೆ ಹಿಡಿದು ಹರಿದುಕೊಂಡ, ನೆಲದ ಮೇಲೆ ಕೂತ. ನಾವು ಮೂವರೂ ಅವನ ಪಕ್ಕದಲ್ಲಿ ಕೂತೆವು.